ಕಾಡಿಗೆ ಬೆನ್ನು ಕೊಟ್ಟು ನಿಂತವನು

ಚಂದಕವಾಡಿಯ ಮಾದೇವ ಕಾಡಿಗೆ ಬೆನ್ನು ಕೊಟ್ಟು, ನಮ್ಮತ್ತ ಮುಖ ಮಾಡಿ ಮಾತನಾಡುತ್ತಿದ್ದಾಗಲೇ ಅವನ ಹಿಂದಿನ ಬಿದಿರುಮೆಳೆಯಿಂದ ಒಂಟಿ ಸಲಗವೊಂದು ಹೊರಬಂದಿತು.

ಪ್ರವಾಸಿಗರಿಗೆ ಊರು, ಕಾಡು ತೋರಿಸುವ ಕೆಲಸಕ್ಕೆ ಸೇರಲಿದ್ದ ನಮ್ಮಂಥ ಯುವಕರಿಗಾಗಿ ಬಂಡೀಪುರದಲ್ಲಿ ನಡೆದ ತರಬೇತಿ ಶಿಬಿರವದು. ಒಬ್ಬ ವ್ಯಾನಿನಿಂದ ಇಳಿದು ವಿವರಣೆ ಕೊಡಬೇಕು; ಉಳಿದವರು ಒಳಗೆ ಕುಳಿತು ಪ್ರವಾಸಿಗರಂತೆ ಪೀಡಿಸಬೇಕು. ಅತಿಥಿಗಳಿಗೆ ಎಂದೂ ಬೆನ್ನು ತೋರಿಸಬಾರದೆಂದು ಬೆಳಿಗ್ಗೆಯಷ್ಟೇ ಹೇಳಿಕೊಟ್ಟಿದ್ದರು. "ಆನೆ ಎಲ್ಲಪ್ಪಾ? ಕಾಸು ಕೊಟ್ಟು ಬಂದಿವ್ನಿ!" ಎಂದು ಬೇಗೂರಿನ ಸಿದ್ದರಾಜು ಆಗತಾನೇ ರೇಗಿಸಿದ್ದ.

ಈಗ ಎಲ್ಲರ ಬಾಯಿ ಕಟ್ಟಿಹೋಯಿತು. ನಾವು ತನ್ನ ಮಾತಿಗೆ ಮರುಳಾದೆವೆಂದುಕೊಂಡ ಮಾದೇವ ಇನ್ನಷ್ಟು ಹುರುಪಿನಿಂದ ಕೈ ಬೀಸತೊಡಗಿದ. ಆನೆ ಕಿವಿ ಅಗಲಿಸಿ ನಿಂತಿತು. ಸಿದ್ದರಾಜುವೇ ಮೆಲ್ಲಗೆ ಹೇಳಿದ:

"ಮಾದೇವ, ತಿರುಗ್ಬ್ಯಾಡ ಕಣ್ಲಾ. ಕೈ ಕೆಳಕ್ ಬುಡು. ಮೆತ್ತಗೆ ಇತ್ತಗೆ ಬಂದ್ಬುಡು."

ತಮಾಷೆಯೆಂದುಕೊಂಡು ಮಾದೇವ ನಗುತ್ತಲೇ ಹೆಜ್ಜೆ ಇಟ್ಟ. ನಮ್ಮ ಮುಖಗಳನ್ನು ನೋಡಿದ ಮೇಲೆ ಆ ನಗು ನಿಂತಿತು. ತಿರುಗದೆ ನಡೆದು ಬಂದ. ತೋಳು ಹಿಡಿದು ಅವನನ್ನು ಒಳಗೆಳೆದುಕೊಂಡೆ. ಸಲಗ ಅವನು ನಿಂತಿದ್ದ ಜಾಗಕ್ಕೆ ಬಂದು, ಮಣ್ಣು ಮೂಸಿ, ದಾರಿ ದಾಟಿ ಹೋಯಿತು.

ಶಿಬಿರ ಮುಗಿದು ಚಾಮರಾಜನಗರಕ್ಕೆ ಮರಳಿದ್ದೇನೆ. ಯಾರೇ ಎದುರು ನಿಂತು ಮಾತನಾಡಿದರೂ ನನ್ನ ಕಣ್ಣು ಅವರ ಬೆನ್ನ ಹಿಂದಕ್ಕೇ ಹೋಗುತ್ತದೆ. ಮೊನ್ನೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಪರಿಚಿತರೊಬ್ಬರು ಮಾತು ನಿಲ್ಲಿಸಿ, "ಯಾರ್ ಬತ್ತಾವ್ರೆ?" ಎನ್ನುತ್ತಾ ತಾವೂ ಹಿಂದಿರುಗಿ ನೋಡಿದರು.