ಇಬ್ಬರೂ ಗೆದ್ದ ವ್ಯಾಜ್ಯ

ಮದ್ದೂರಿನ ಸಂಧಾನ ಕೇಂದ್ರದ ಬಾಗಿಲಲ್ಲಿ ಪುಟ್ಟಗೌರಮ್ಮ ಬಂದು ನಿಂತರೆ ಸಾಕು, ಗಂಡನ ಕಡೆಯ ಸೋದರಮಾವಂದಿರೂ ಹೆಂಡತಿ ಕಡೆಯ ದೊಡ್ಡಪ್ಪಂದಿರೂ ತಾವಾಗಿಯೇ ಬೇವಿನ ಮರದ ನೆರಳಿಗೆ ಸರಿಯುತ್ತಾರೆ. "ಮದ್ವೆ ಆಗಿರೋರು ಇಬ್ರು, ಬಂದಿರೋರು ಹದ್ನಾಕು ಜನ! ಮಿಕ್ಕೋರೆಲ್ಲ ಆಚೆ ಕೂತ್ಕಳಿ" ಎನ್ನುವ ಆ ಗಂಟಲಿಗೆ ಹೆದ್ದಾರಿಯ ಬಸ್ಸೂ ನಿಂತೀತು. ಒಳಗೆ ಆಕೆಯದು ಒಂದೇ ಕಾನೂನು: ತನ್ನ ದೂರನ್ನು ಯಾರೂ ಹೇಳುವಂತಿಲ್ಲ, ಹೆಂಡತಿಯ ದೂರನ್ನು ಗಂಡ ಹೇಳಬೇಕು, ಗಂಡನದನ್ನು ಹೆಂಡತಿ. ಕೇಳಿದವರು "ಸರಿ" ಎಂದು ಒಪ್ಪುವವರೆಗೂ ಬಿಡುಗಡೆಯಿಲ್ಲ. ಮೊನ್ನೆ ಗೆಜ್ಜಲಗೆರೆ ಫ್ಯಾಕ್ಟರಿಯ ಶಿವರಾಜು ಮೂರು ಸಲ ತಡವರಿಸಿ, ನಾಲ್ಕನೆಯ ಸಲ, "ಇವಳು ಜ್ವರ ಬಂದು ಮಲಗಿದ್ರೆ, ನಾನು ಅಡ್ಗೆ ಏನು ಅಂತ ಕೇಳ್ಬುಟ್ಟೆ" ಎಂದು ತಲೆ ತಗ್ಗಿಸಿದ. ಹೆಂಡತಿ ಅರ್ಪಿತ ಕಣ್ಣೊರೆಸಿಕೊಂಡು, "ಊಂ, ಸರಿ" ಎಂದಳು. ಆ "ಸರಿ" ಕೇಳಲಿಕ್ಕೆಂದೇ ಪುಟ್ಟಗೌರಮ್ಮ ಬಂಡೂರಿನಿಂದ ಎರಡು ಬಸ್ಸು ಬದಲಿಸಿ ಬರುವುದು. ಕೂಡಿ ಬಾಳಲು ಹೊರಟವರಿಗೂ, ಕಿತ್ತಾಡದೆ ಬೇರೆಯಾಗಲು ಒಪ್ಪಿದವರಿಗೂ ಆಕೆ ಮೇಜು ಗುದ್ದಿ ಸಾರುವ ತೀರ್ಪು ಒಂದೇ: "ಇಬ್ರೂ ಗೆದ್ರಿ ಕಣ್ರಪ್ಪಾ!" ಇಲ್ಲಿಯವರೆಗೆ ಹೀಗೆ ಗೆದ್ದ ಜೋಡಿಗಳು ನೂರಾ ಹನ್ನೆರಡು. ಅವರಲ್ಲಿ ಅರ್ಧದಷ್ಟು ಜನರನ್ನು ಕಳಿಸಿದವನು ಮಂಡ್ಯದ ಕೋರ್ಟಿನೆದುರು ಟೀ ಅಂಗಡಿ ಇಟ್ಟಿರುವ ಮಾದಯ್ಯ. ಒಂಬತ್ತು ವರ್ಷ ಅದೇ ಕೋರ್ಟಿಗೆ ಅಲೆದು ಪುಟ್ಟಗೌರಮ್ಮನಿಂದ ವಿಚ್ಛೇದನ ಪಡೆದ, ಆಕೆಯ ಹಿಂದಿನ ಗಂಡ ಅವನೇ. ಮುಖ ತಿರುಗಿಸಿ ನಿಂತ ಗಂಡಹೆಂಡಿರ ಕೈಗೆ ಲೋಟ ಕೊಡುತ್ತ ಅವನು ಹೇಳುತ್ತಾನೆ: "ನಾವಿಬ್ರೂ ಇಲ್ಲಿ ಸೋತೋರು ಕಣ್ರಪ್ಪಾ. ಮದ್ದೂರಿಗೆ ಓಗಿ, ಅವಳತ್ರ ಗೆದ್ಕಂಡ್ ಬನ್ನಿ."