ರಂಗೋಲಿಗೆ ಹೋದ ಹಲ್ಲು

ಆ ಶೀಶೆಯನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಮರಾಠಿ ನಾಡಿನ ಶಿವಾಜಿನಗರದ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನ ಕಲಿಸುತ್ತೇನೆ. ಕಚ್ಛದಿಂದ ಎರಡು ಚೀಲ ಸುಣ್ಣಕಲ್ಲು ತಂದು, ಆಮ್ಲದಲ್ಲಿ ಕರಗಿಸಿ, ಜರಡಿ ಹಿಡಿದು, ಉಳಿದ ಬಿಳಿ ಮರಳನ್ನು ಉಪ್ಪಿನಕಾಯಿ ಶೀಶೆಯಲ್ಲಿ ತುಂಬಿಟ್ಟಿದ್ದೆ. ಅದರಲ್ಲಿ ಯಾವ ಕಾಲದಲ್ಲೋ ಅಳಿದುಹೋದ ಹೌಂಡ್‌ಶಾರ್ಕ್ ಎಂಬ ಸಣ್ಣ ಶಾರ್ಕ್ ಮೀನೊಂದರ ಹಲ್ಲುಗಳಿದ್ದವು. ಶಾರ್ಕಿಗೆ ಗಟ್ಟಿ ಎಲುಬಿಲ್ಲ, ಸತ್ತ ಮೇಲೆ ಉಳಿಯುವುದು ಹಲ್ಲೊಂದೇ. ಅದೂ ಎಳ್ಳಿನಷ್ಟು. ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಾಳು ಸರಿಸಿ ಆರಿಸಬೇಕು. ಅರ್ಧ ಶೀಶೆ ಆರಿಸಿದ್ದಕ್ಕೆ ಎರಡು ಹಲ್ಲು ಸಿಕ್ಕಿದ್ದವು, ಎರಡರದ್ದೂ ಬೇರು ಮುರಿದಿತ್ತು. ಬೇರಿರುವ ಒಂದೇ ಒಂದು ಹಲ್ಲು ಸಿಕ್ಕರೆ ಹೊಸ ಪ್ರಭೇದವೆಂದು ಹೆಸರಿಡಬಹುದಿತ್ತು. ಕಲ್ಲು ತಂದ ಜಾಗದ ಮೇಲೆ ಆಗಲೇ ರಸ್ತೆ ಬಂದಿತ್ತು. ನನಗೆ ಉಳಿದದ್ದು ಆ ಅರ್ಧ ಶೀಶೆ ಮಾತ್ರ.

ತಪಾಸಣಾ ಸಮಿತಿ ಬರುವ ದಿನ ಅವರನ್ನು ಕರೆತರಲು ನನ್ನನ್ನು ಸ್ಟೇಷನ್ನಿಗೆ ಅಟ್ಟಿದರು. ತಿರುಗಿ ಬಂದು ನೋಡಿದರೆ ವಿಭಾಗದ ಬಾಗಿಲಲ್ಲಿ ಮಾರುದ್ದದ ರಂಗೋಲಿ. ಬಾಯಿ ತೆರೆದ ಶಾರ್ಕು! ಹಲ್ಲು ತುಂಬಲು ಬಿಳಿ ಪುಡಿ ಸಾಲಲಿಲ್ಲ, ವಿಭಾಗದ ಮುಖ್ಯಸ್ಥ ಸರ್ ಕಪಾಟಿನಿಂದ ನಿಮ್ಮ ಶೀಶೆ ತೆಗೆದುಕೊಟ್ಟರು ಎಂದು ವಿದ್ಯಾರ್ಥಿನಿಯರು ಖುಷಿಯಿಂದ ಮರಾಠಿಯಲ್ಲಿ ಹೇಳಿದರು. ಅಯ್ಯೋ ನನ್ನ ಕರ್ಮವೇ! ಅಷ್ಟರಲ್ಲಿ ಸಮಿತಿಯವರೊಬ್ಬರ ಬೂಟು ಶಾರ್ಕಿನ ದವಡೆಯ ಮೇಲಿತ್ತು.

ರೇಷ್ಮೆ ಸೀರೆಯಲ್ಲೇ ಕುಕ್ಕರುಗಾಲಲ್ಲಿ ಕೂತು, ಫೈಲಿನ ರಟ್ಟಿನಿಂದ ರಂಗೋಲಿ ಬಾಚತೊಡಗಿದೆ. ನಮ್ಮ ಮುಖ್ಯಸ್ಥರು ಧಾರವಾಡದ ಕಡೆಯವರು. ನನ್ನನ್ನು ಬೈಯುವಾಗ ಮಾತ್ರ ಅವರಿಗೆ ಕನ್ನಡ ನೆನಪಾಗುತ್ತಿತ್ತು.

"ಏನ್ರೀ ಬಾಯಾರ, ಮಂದಿ ಮುಂದ ಮಾನಾ ಕಳೀತೀರೇನು? ಹಿಡಿ ಮಣ್ಣಿಗೆ ಇಷ್ಟ್ಯಾಕ ಒದರಾಡ್ತೀರಿ?"

"ಮಣ್ಣಲ್ಲರೀ ಸರ! ಚೀಟಿ ಅಂಟಿಸಿದ್ದೆ. ಓದ್ಲಿಕ್ಕೆ ಬರೂದಿಲ್ಲೇನು ನಿಮಗ?"

ಸುಣ್ಣಕಲ್ಲಿನ ರಂಗೋಲಿ ಪುಡಿ ಆಮ್ಲದಲ್ಲಿ ಕರಗುತ್ತದೆ, ಸೌಮ್ಯ ಆಮ್ಲವಾದರೆ ಹಲ್ಲು ಕರಗುವುದಿಲ್ಲ. ಬಾಚಿದ್ದನ್ನೆಲ್ಲ ಮತ್ತೆ ಕರಗಿಸಿ, ಮತ್ತೆ ಜರಡಿ ಹಿಡಿದು ಮೂರು ತಿಂಗಳು ಕುತ್ತಿಗೆ ಬಗ್ಗಿಸಿ ಕೂತೆ. ಪುಡಿಯಾದ ಹಲ್ಲಿನ ಚೂರು ಕಂಡಾಗಲೆಲ್ಲ ಆ ಬೂಟಿಗೂ ಮುಖ್ಯಸ್ಥರಿಗೂ ಹಿಡಿಶಾಪ ಹಾಕಿದೆ. ಕೊನೆಗೆ ಒಂದು ಸಿಕ್ಕಿತು, ಬೇರಿನ ಸಮೇತ. ಗಳಗಳ ಅತ್ತುಬಿಟ್ಟೆ.

ಲೇಖನದ ಕರಡು ಮುಗಿದಾಗ ಮುಖ್ಯಸ್ಥರು ಬಂದು ಎದುರಿಗೆ ಕೂತರು. "ನನ್ನ ಹೆಸರು ಮೊದಲ ಇರ್ಲಿ. ಮತ್ತ ಆ ರಂಗೋಲಿ ಸುದ್ದಿ ತಗದುಬಿಡ್ರಿ," ಎಂದರು. ಎಂಥ ಭಂಡತನ! ಹಲ್ಲು ಹೇಗೆ ಕೈಗೆ ಬಂತೆಂದು ಮುಚ್ಚಿಟ್ಟರೆ ಆ ಲೇಖನಕ್ಕೆ ಬೆಲೆ ಏನು?

"ನಿಮ್ಮ ಹೆಸರು ಇರ್ತದರೀ ಸರ. ರಂಗೋಲಿನೂ ಇರ್ತದ. ಶೀಶೆ ಕೊಟ್ಟವರು ಯಾರು ಅಂತನೂ ಬರೀತೀನಿ."

ಹಾಗೆಯೇ ಬರೆದು ಕರಡನ್ನು ಅವರ ಕೈಗೆ ಕೊಟ್ಟೆ. ಮರುದಿನ ಅದು ನನ್ನ ಮೇಜಿಗೆ ವಾಪಸು ಬಂದಿತ್ತು. ಲೇಖಕರ ಸಾಲಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಅವರೇ ಅಡ್ಡಗೆರೆ ಎಳೆದಿದ್ದರು.