ವಿಶ್ವಕೋಶಕ್ಕೆ ಅಂಕಲ್ ತಂದ ಪುರಾವೆ

ಸ್ನೇಹಿತರೇ, ಬೆಳಗ್ಗೆ ಬಂದ ಕೋಪ ಇನ್ನೂ ಇಳಿದಿಲ್ಲ.

ಆನ್‌ಲೈನ್ ಕನ್ನಡ ವಿಶ್ವಕೋಶದಲ್ಲಿ ಒಂದು ದೊಡ್ಡ ಚರ್ಚಿನ ಬಗ್ಗೆ ಇರೋ ಲೇಖನ ನಾನು ನೋಡ್ಕೊಳ್ತೀನಿ. ಚರ್ಚಿನ ಮೇಲಿರೋ ಕೋರ್ಟ್ ಕೇಸನ್ನೂ ಮುಚ್ಚಿಡದೆ ಬರೆದಿದ್ದೀನಿ. ಆದ್ರೆ "ಚರ್ಚಿನವರು ಆಸ್ಪತ್ರೆಯಿಂದ ರೋಗಿಗಳನ್ನು ಪ್ರಾರ್ಥನೆಗೆಂದು ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಾರೆ" ಅಂತ ಯಾರೋ ಸೇರಿಸಿದ್ರು. ಪುರಾವೆ ಇಲ್ಲ ಅಂತ ತೆಗೆದುಹಾಕಿದೆ.

ಇವತ್ತು ಜಯನಗರದ ನಮ್ಮ ಪಾರ್ಕಲ್ಲಿ ಎದುರುಮನೆ ಅಂಕಲ್ ಏರಿಯಾ ಪೇಪರ್ ಹಿಡ್ಕೊಂಡು ಬಂದ್ರು. "ಪುರಾವೆ ಬೇಕಿತ್ತಲ್ಲಮ್ಮ? ತಗೋ, ಪೇಪರಲ್ಲೇ ಬಂದಿದೆ. ಈಗ ವಾಪಸ್ ಹಾಕು." ನೋಡಿದ್ರೆ ಅದೇ ಸಾಲು, ಒಂದಕ್ಷರ ಆಚೆ ಈಚೆ ಇಲ್ಲ.

"ಪೇಪರ್‌ನವ್ರಿಗೆ ಯಾರು ಹೇಳಿದ್ದು ಅಂಕಲ್?"

"ನಾನೇ."

"ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ವಿಶ್ವಕೋಶದಲ್ಲೇ ಇತ್ತಲ್ಲ! ನೀನು ಅಳಿಸೋ ಮುಂಚೆ ಫೋಟೋ ತೆಗೆದು ಅವ್ರಿಗೆ ಕಳಿಸ್ದೆ."

"ಅಲ್ಲಿ ಹಾಕಿದ್ಯಾರು?"

"ನಾನೇ ಕಣಮ್ಮ, ಇನ್ಯಾರು ಹಾಕ್ತಾರೆ?"

ಒಂಚೂರೂ ನಾಚಿಕೆ ಇಲ್ಲ! ಮೇಲಿಂದ "ನೀನೂ ಅವರ ಕಡೆ ಸೇರ್ಕೊಂಡ್ಯಾ?" ಅಂತ ಇಡೀ ಪಾರ್ಕಿಗೆ ಕೇಳೋ ಹಾಗೆ ಕೂಗಾಡಿದ್ರು.

ಹೋದ ವಾರ "ಪ್ರಾರ್ಥನೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ" ಅನ್ನೋ ಸಾಲು ತೆಗೆದಾಗ ಚರ್ಚಿನವರೂ ನನಗೆ ಚೆನ್ನಾಗಿ ಬೈದಿದ್ರು. ಅವರಾದ್ರೂ ದೇವರನ್ನ ನಂಬಿ ಅಂದ್ರು. ಈ ಅಂಕಲ್ ತಮ್ಮನ್ನೇ ನಂಬು ಅಂತಾರೆ.